ನಾಯಿಗೆ ಆಂಟಿಬ್ಯಾಕ್ಟೀರಿಯಲ್ ಶಾಂಪೂ ಹಾಕಿದರೆ ಚರ್ಮದ ಕ್ಯಾನ್ಸರ್ ಬರುತ್ತಾ?

ಚರ್ಮದ ಬ್ಯಾಕ್ಟೀರಿಯಾ ಇಲಿಗಳಲ್ಲಿ ಕ್ಯಾನ್ಸರ್ ತಡೆಯುತ್ತಂತೆ, ಹಾಗಾದರೆ ನಾಯಿಗೆ ಆಂಟಿಬ್ಯಾಕ್ಟೀರಿಯಲ್ ಶಾಂಪೂ ಹಾಕೋದು ಅಪಾಯವಾ ಎಂದು ಕೇಳಿದ್ದೀರಿ. ಅಷ್ಟು ಗಾಬರಿ ಬೇಡ.

ನೀವು ಓದಿದ್ದು ಬಹುಶಃ 2018ರಲ್ಲಿ ಸ್ಯಾನ್ ಡಿಯೇಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಪ್ರಕಟಿಸಿದ ಅಧ್ಯಯನ. ಸ್ಟ್ಯಾಫಿಲೋಕಾಕಸ್ ಎಪಿಡರ್ಮಿಡಿಸ್ ಅನ್ನೋ ಬ್ಯಾಕ್ಟೀರಿಯಾ ಮನುಷ್ಯರ ಚರ್ಮದ ಮೇಲೆ ಸಾಮಾನ್ಯ. ಅದರ ಕೆಲವು ತಳಿಗಳು ಮಾತ್ರ 6-ಎಚ್‌ಎಪಿ ಎಂಬ ರಾಸಾಯನಿಕ ತಯಾರಿಸುತ್ತವೆ. ನೋಡಲು ಡಿಎನ್‌ಎಯಲ್ಲಿರುವ ಅಡೆನಿನ್ ಥರವೇ ಇರುವ ಇದು, ಡಿಎನ್‌ಎ ನಕಲಾಗುವುದನ್ನೇ ತಡೆಯುತ್ತದೆ. ಆರೋಗ್ಯವಂತ ಚರ್ಮದ ಕೋಶಗಳಲ್ಲಿ ಇದನ್ನು ನಿಷ್ಕ್ರಿಯ ಮಾಡುವ ಕಿಣ್ವ ಇದೆ. ಪರೀಕ್ಷಿಸಿದ ಗೆಡ್ಡೆಯ ಕೋಶಗಳಿಗೆ ಆ ರಕ್ಷಣೆ ಕಡಿಮೆ. ಈ ತಳಿಯನ್ನು ಹಚ್ಚಿದ ಇಲಿಗಳಲ್ಲಿ, ಅತಿನೇರಳೆ ಕಿರಣ ಬಿದ್ದ ಮೇಲೂ ಗೆಡ್ಡೆಗಳು ಕಡಿಮೆ ಬಂದವು. ಇನ್ನೊಂದು ಗುಂಪಿಗೆ ಹಚ್ಚಿದ್ದೂ ಅದೇ ಬ್ಯಾಕ್ಟೀರಿಯಾ, ಆದರೆ ಆ ರಾಸಾಯನಿಕ ಮಾಡದ ತಳಿ. ಅಲ್ಲಿ ಗೆಡ್ಡೆ ಜಾಸ್ತಿ. ಚಂದದ ಪ್ರಯೋಗ, ಅಲ್ವಾ?

ಆದರೆ ಇದು ಇಲಿಗಳ ಕಥೆ, ಅದೂ ಹೊರಗಿನಿಂದ ಹಚ್ಚಿದ ಬ್ಯಾಕ್ಟೀರಿಯಾದ್ದು. ನಾಯಿಯ ಚರ್ಮದಲ್ಲಿ ಹೆಚ್ಚಾಗಿ ಕಾಣುವುದು ಬೇರೆ ಜಾತಿ, ಸ್ಟ್ಯಾಫಿಲೋಕಾಕಸ್ ಸ್ಯೂಡಿಂಟರ್ಮೀಡಿಯಸ್. ಸೋಂಕಿಗೂ ಅದೇ ಕಾರಣವಾಗುತ್ತದೆ! ಹಾಗಾಗಿ ವೈದ್ಯರು ಸೋಂಕಿಗೆಂದು ಬರೆದ ಶಾಂಪೂವನ್ನು ನಿಲ್ಲಿಸಬೇಡಿ. ಕಾರಣವಿಲ್ಲದೆ ಸುಮ್ನೆ ಹಾಕುತ್ತಿದ್ದರೆ ಬಿಡಬಹುದು, ಚರ್ಮವಾದರೂ ಒಣಗುವುದು ತಪ್ಪುತ್ತದೆ.

ನನ್ನನ್ನು ಕೇಳಿದರೆ, ಶಾಂಪೂಗಿಂತ ಬಿಸಿಲಿನ ಕಡೆ ಗಮನ ಕೊಡಿ. ಬಿಳಿ ಬಣ್ಣದ, ಕೂದಲು ತೆಳುವಾಗಿರುವ ನಾಯಿಯಾದರೆ ಹೊಟ್ಟೆ, ಮೂಗಿನ ಭಾಗ ನೋಡುತ್ತಿರಿ. ವಾಸಿಯಾಗದ ಹುಣ್ಣು, ಬೆಳೆಯುವ ಗಂಟು ಕಂಡರೆ ಪಶುವೈದ್ಯರಿಗೆ ತೋರಿಸಿ.