ಸೇವೆ ಸರಿಯಿಲ್ಲವೆಂದು ಮನೆಯ ಫೋನ್, ಬ್ರಾಡ್‌ಬ್ಯಾಂಡನ್ನು ಅವಧಿಗೆ ಮುಂಚೆಯೇ ಬಿಡಬಹುದೇ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿರುವುದು ಹೀಗೆ: ದಾವಣಗೆರೆಯ ನಿಮ್ಮ ಮನೆಗೆ ಫೋನ್ ಮತ್ತು ಫೈಬರ್ ಬ್ರಾಡ್‌ಬ್ಯಾಂಡ್ ಎರಡೂ ಸೇರಿದ ಪ್ಲಾನನ್ನು ವರ್ಷದ ಹಣ ಮುಂಗಡವಾಗಿ ಕಟ್ಟಿ ತೆಗೆದುಕೊಂಡಿದ್ದೀರಿ. ನಾಲ್ಕು ತಿಂಗಳಿನಿಂದ ವಾರಕ್ಕೆ ಎರಡು ಮೂರು ಸಲ ಸಂಪರ್ಕ ಕಡಿದುಹೋಗುತ್ತಿದೆ. ಬಿಟ್ಟುಬಿಡುತ್ತೇವೆ ಎಂದರೆ, ಉಳಿದ ತಿಂಗಳುಗಳ ಹಣ ವಾಪಸ್ ಬರುವುದಿಲ್ಲ, ಉಚಿತವೆಂದು ಹೇಳಿದ್ದ ಅಳವಡಿಕೆ ಶುಲ್ಕವನ್ನೂ ನೀವೇ ತುಂಬಬೇಕು ಎಂದು ಕಂಪನಿಯವರು ಹೇಳುತ್ತಿದ್ದಾರೆ. ಅವಧಿ ಮುಗಿಯುವ ಮೊದಲೇ ನೀವು ಬಿಡಬಹುದು, ಹಣವನ್ನೂ ಕೇಳಬಹುದು. ಆದರೆ ನೀವು ಏಕೆ ಬಿಡುತ್ತಿದ್ದೀರಿ ಎಂಬುದು ಕಂಪನಿಯ ದಾಖಲೆಯಲ್ಲಿ ಯಾವ ಮಾತಿನಲ್ಲಿ ನಮೂದಾಗಿದೆ ಎಂಬುದೇ ಮುಂದಿನದನ್ನೆಲ್ಲ ತೀರ್ಮಾನಿಸುತ್ತದೆ. ಇದನ್ನು ನಾನು ನನ್ನ ಸ್ವಂತ ಅನುಭವದಿಂದ ಕಲಿತೆ.

ಮೈಸೂರಿನ ನಮ್ಮ ಮನೆಯಲ್ಲಿ ತಾಮ್ರದ ತಂತಿಯ ಹಳೆಯ ದೂರವಾಣಿ ಬಹಳ ವರ್ಷಗಳಿಂದ ಇತ್ತು. ಅದನ್ನು ಬಿಟ್ಟು ಒಂದು ಕಂಪನಿಯಿಂದ ಫೈಬರ್ ಸಂಪರ್ಕ ತೆಗೆದುಕೊಂಡೆವು. ತೆರಿಗೆ ಸೇರಿ ವರ್ಷಕ್ಕೆ ಸುಮಾರು 12,000 ರೂಪಾಯಿ, ಜೊತೆಗೆ ಉಪಕರಣಕ್ಕೆ 2,000 ರೂಪಾಯಿ ಠೇವಣಿ. ಎರಡನೆಯ ತಿಂಗಳಿನಿಂದಲೇ ತೊಂದರೆ ಶುರುವಾಯಿತು. ಗೋಡೆಯ ಮೇಲಿನ ಫೈಬರ್ ಮೋಡೆಮ್ ಪೆಟ್ಟಿಗೆಯಲ್ಲಿ ಎಲ್‌ಒಎಸ್ ಎಂದು ಬರೆದಿರುವ ಕೆಂಪು ದೀಪ ಮಿನುಗತೊಡಗಿದರೆ ಫೈಬರ್‌ನಲ್ಲಿ ಬರಬೇಕಾದ ಬೆಳಕು ಬರುತ್ತಿಲ್ಲವೆಂದು ಅರ್ಥ. ಆಗ ಇಂಟರ್ನೆಟ್ಟೂ ಇಲ್ಲ, ಫೋನೂ ಇಲ್ಲ. ಹಳೆಯ ತಾಮ್ರದ ಫೋನಿಗೆ ಎಕ್ಸ್‌ಚೇಂಜಿನಿಂದಲೇ ವಿದ್ಯುತ್ ಬರುತ್ತಿದ್ದುದರಿಂದ ಮನೆಯಲ್ಲಿ ಕರೆಂಟ್ ಹೋದರೂ ಅದು ಬದುಕಿರುತ್ತಿತ್ತು. ಫೈಬರ್ ಫೋನಿಗೆ ಆ ಗುಣವಿಲ್ಲ. ವಯಸ್ಸಾದ ತಂದೆಯವರು ಒಬ್ಬರೇ ಇರುವ ಹಗಲು ಹೊತ್ತಿನಲ್ಲಿ ಆ ಕೆಂಪು ದೀಪ ನಮಗೆ ಎಷ್ಟು ಆತಂಕ ತಂದಿತೆಂಬುದನ್ನು ಕಂಪನಿಯ ಕರೆ ಕೇಂದ್ರಕ್ಕೆ ಎಷ್ಟು ಹೇಳಿದರೂ ತಿಳಿಯುತ್ತಿರಲಿಲ್ಲ.

ನೀವು ಮೊದಲು ಮಾಡಬೇಕಾದುದು ದೋಷ ಎಲ್ಲಿದೆ ಎಂಬುದನ್ನು ಗೊತ್ತುಮಾಡಿಕೊಳ್ಳುವುದು. ವೇಗ ಕಡಿಮೆ ಎಂದು ದೂರಿದರೆ, ನಿಮ್ಮ ವೈಫೈ ದುರ್ಬಲವಾಗಿದೆ, ಗೋಡೆ ಅಡ್ಡ ಇದೆ ಎನ್ನುವ ಉತ್ತರ ಸಿದ್ಧವಾಗಿರುತ್ತದೆ, ಮತ್ತು ಕೆಲವು ಸಲ ಅದು ನಿಜವೂ ಹೌದು. ಆದ್ದರಿಂದ ಲ್ಯಾಪ್‌ಟಾಪನ್ನು ಲ್ಯಾನ್ ಕೇಬಲ್ಲಿನಿಂದ ನೇರವಾಗಿ ಪೆಟ್ಟಿಗೆಗೆ ಜೋಡಿಸಿ, ಬೆಳಿಗ್ಗೆ, ಮಧ್ಯಾಹ್ನ ಮತ್ತು ರಾತ್ರಿ ವೇಗ ಅಳೆದು, ದಿನಾಂಕ ಹಾಗೂ ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ತಿಂಗಳ ಡೇಟಾ ಮಿತಿ ಮುಗಿದ ಮೇಲೆ ವೇಗ ತಾನಾಗಿಯೇ ಇಳಿಯುವ ಪ್ಲಾನುಗಳಿವೆ. ನಿಮ್ಮದು ಅಂಥದ್ದಾದರೆ ಮಿತಿ ಮುಗಿಯುವ ಮುಂಚಿನ ದಿನಗಳ ಅಳತೆಗೆ ಮಾತ್ರ ಬೆಲೆ. ದುರಸ್ತಿಗೆ ಬಂದ ಹುಡುಗನ ಕೈಯಲ್ಲಿ ಬೆಳಕಿನ ಬಲ ಅಳೆಯುವ ಸಣ್ಣ ಮೀಟರ್ ಇರುತ್ತದೆ. ನಮ್ಮ ಮನೆಯಲ್ಲಿ ಅದು ಮೈನಸ್ 29 ಡಿಬಿಎಂ ತೋರಿಸಿತು. ಸಾಮಾನ್ಯವಾಗಿ ಮೈನಸ್ 27ಕ್ಕಿಂತ ಕೆಳಗಿಳಿದರೆ ಸಂಪರ್ಕ ಕಡಿಯದೆ ಉಳಿಯುವುದು ಕಷ್ಟ. "ಸರ್, ಕಂಬದ ಮೇಲಿನ ಬಾಕ್ಸಿನಲ್ಲೇ ಬೆಳಕಿನ ಪವರ್ ಇಲ್ಲ, ಮನೆಯೊಳಗೆ ನಾನೇನು ಮಾಡಲಿ?" ಎಂದು ಅವನು ಪ್ರಾಮಾಣಿಕವಾಗಿ ಹೇಳಿದ. ಅವನನ್ನು ಕೇಳಿಯೇ ಆ ಮೀಟರಿನ ಫೋಟೋ ತೆಗೆದುಕೊಂಡೆ. ದೋಷ ಮನೆಯ ಹೊರಗಿದೆ ಎಂಬುದಕ್ಕೆ ಕೊನೆಯವರೆಗೂ ಆಸರೆಯಾದದ್ದು ಆ ಫೋಟೋ.

ಎರಡನೆಯದು ದೂರಿನ ಸಂಖ್ಯೆ. ಸ್ಥಳೀಯ ಕೇಬಲ್ಲಿನವರಿಗೆ ವಾಟ್ಸಾಪ್ ಮಾಡಿ ಕರೆಸಿಕೊಳ್ಳುವುದು ಸುಲಭವೆಂದು ನಾನು ಮೊದಲ ಎರಡು ತಿಂಗಳು ಹಾಗೆಯೇ ಮಾಡಿದೆ, ಮತ್ತು ಅದರಿಂದ ಕಂಪನಿಯ ಪುಸ್ತಕದಲ್ಲಿ ನಮ್ಮ ಮನೆಯ ಸೇವೆ ಎರಡು ತಿಂಗಳು ಅಚ್ಚುಕಟ್ಟಾಗಿ ನಡೆದಂತೆ ಉಳಿದುಹೋಯಿತು. ದೇಶದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2012ರಲ್ಲಿ ತಂದ ದೂರು ಪರಿಹಾರ ನಿಯಮಗಳ ಪ್ರಕಾರ ಪ್ರತಿ ದೂರಿಗೂ ಡಾಕೆಟ್ ಸಂಖ್ಯೆ, ಅಂದರೆ ದೂರಿನ ನೋಂದಣಿ ಸಂಖ್ಯೆ, ಕೊಡಲೇಬೇಕು. ಪ್ರತಿ ಸಲ ಸಂಪರ್ಕ ಹೋದಾಗಲೂ ಹೊಸ ದೂರು ದಾಖಲಿಸಿ, ಎಸ್‌ಎಂಎಸ್ ಬಂದ ಸಂಖ್ಯೆಯನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಡಿ. ಹೋದದ್ದು ಯಾವಾಗ, ಬಂದದ್ದು ಯಾವಾಗ ಎಂಬುದೂ ಇರಲಿ. ಸರಿಪಡಿಸದೆಯೇ ದೂರು ಬಗೆಹರಿದಿದೆ ಎಂದು ಸಂದೇಶ ಬಂದರೆ ಸುಮ್ಮನಿರಬೇಡಿ, ಅದೇ ದಿನ ಬಗೆಹರಿದಿಲ್ಲವೆಂದು ಬರೆದು ತಿಳಿಸಿ. ದುರಸ್ತಿ ತಡವಾದ ದಿನಗಳಿಗೆ ಸಂಪರ್ಕದ ಬಾಡಿಗೆಯಲ್ಲಿ ರಿಯಾಯಿತಿಯನ್ನೂ ಬರವಣಿಗೆಯಲ್ಲೇ ಕೇಳಿ. ನನಗೆ ಅದು ಸಿಗಲಿಲ್ಲ, ಏಕೆಂದರೆ ಮೊದಲ ಎರಡು ತಿಂಗಳ ದಿನಗಳಿಗೆ ನನ್ನ ಬಳಿ ಒಂದೇ ಒಂದು ಡಾಕೆಟ್ ಸಂಖ್ಯೆಯೂ ಇರಲಿಲ್ಲ.

ಇನ್ನು ಬಿಡುವ ಅರ್ಜಿಯ ವಿಷಯ. ಐದನೆಯ ತಿಂಗಳಲ್ಲಿ ನಾನು ಕಂಪನಿಯ ಕಚೇರಿಗೆ ಹೋದಾಗ ಅಲ್ಲಿದ್ದ ಸಿಬ್ಬಂದಿ ಬಹಳ ಮರ್ಯಾದೆಯಿಂದಲೇ ಅರ್ಜಿ ತುಂಬಿಕೊಟ್ಟರು, ನಾನು ಸಹಿ ಹಾಕುವುದಷ್ಟೇ ಬಾಕಿಯಿತ್ತು. ಓದಿ ನೋಡಿದರೆ ಕಾರಣದ ಜಾಗದಲ್ಲಿ "ಮನೆ ಬದಲಾವಣೆ" ಎಂದಿತ್ತು. ನಾವು ಮನೆ ಬದಲಾಯಿಸುತ್ತಿಲ್ಲವಲ್ಲ ಎಂದೆ. ಯಾವುದಾದರೂ ಒಂದನ್ನು ಆರಿಸಬೇಕು ಸರ್, ಇದಾದರೆ ಬೇಗ ಆಗುತ್ತದೆ ಎಂಬ ಉತ್ತರ ಬಂತು. ಆ ಎರಡು ಪದಗಳ ಕೆಳಗೆ ಸಹಿ ಹಾಕಿದ್ದರೆ ನನ್ನ ಅನುಕೂಲಕ್ಕಾಗಿ ನಾನೇ ಒಪ್ಪಂದ ಮುರಿದಂತೆ ಆಗುತ್ತಿತ್ತು, ಮತ್ತು ಅವಧಿಗೆ ಮುಂಚೆ ಬಿಟ್ಟವರಿಗೆ ಹಣ ವಾಪಸ್ ಇಲ್ಲವೆಂಬ ಷರತ್ತು ನನ್ನ ಕೊರಳಿಗೇ ಬೀಳುತ್ತಿತ್ತು. ನಾನು ಆ ಹಾಳೆಯನ್ನು ಹಿಂದಿರುಗಿಸಿ, ಬಿಳಿ ಹಾಳೆಯಲ್ಲಿ ಕೈಬರಹದಲ್ಲೇ, "ಒಪ್ಪಿಕೊಂಡ ಸೇವೆಯನ್ನು ತಾವು ಒದಗಿಸದೆ ಇರುವ ಕಾರಣ, ಅಂದರೆ ಸೇವಾ ನ್ಯೂನತೆಯ ಕಾರಣ, ಸಂಪರ್ಕವನ್ನು ಕೊನೆಗೊಳಿಸುತ್ತಿದ್ದೇನೆ; ಬಳಸದೆ ಉಳಿದ ಏಳು ತಿಂಗಳ ಹಣ ಮತ್ತು ಠೇವಣಿಯನ್ನು ಹಿಂದಿರುಗಿಸಿ" ಎಂದು ಬರೆದು, ಡಾಕೆಟ್ ಸಂಖ್ಯೆಗಳನ್ನು ಕೆಳಗೆ ಸಾಲಾಗಿ ಕೊಟ್ಟು, ಪ್ರತಿಯ ಮೇಲೆ ಮೊಹರು ಹಾಕಿಸಿಕೊಂಡೆ; ಅದನ್ನೇ ಇಮೇಲ್ ಕೂಡ ಮಾಡಿದೆ. ಮೊಹರು ಹಾಕಲು ಒಪ್ಪದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಬಹುದು. ಕಂಪನಿ ಹೇಳುವ ಷರತ್ತು ಒಪ್ಪಂದದಲ್ಲಿ ಇರಬಹುದು. ಆದರೆ ಅದೇ ಒಪ್ಪಂದ ಸೇವೆ ಕೊಡುತ್ತೇವೆಂದು ಕಂಪನಿಯನ್ನೂ ಕಟ್ಟಿಹಾಕಿದೆ ಎಂಬುದನ್ನು ನಾವು ಗ್ರಾಹಕರು ಮರೆಯಬಾರದು.

ಮೊದಲ ಉತ್ತರ ನಿರಾಕರಣೆಯೇ ಆಗಿತ್ತು. ಆಮೇಲೆ ಹೋಗಬೇಕಾದುದು ಕಂಪನಿಯೊಳಗೇ ಇರುವ ಮೇಲ್ಮನವಿ ಪ್ರಾಧಿಕಾರಕ್ಕೆ. ಇದೂ 2012ರ ನಿಯಮಗಳಲ್ಲಿದೆ: ದೂರಿಗೆ ಬಂದ ಪರಿಹಾರ ತೃಪ್ತಿ ತರದಿದ್ದರೆ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು, ಶುಲ್ಕವಿಲ್ಲ, 39 ದಿನಗಳೊಳಗೆ ಅದು ತೀರ್ಮಾನವಾಗಬೇಕು. ಪ್ರಾಧಿಕಾರದ ವಿಳಾಸ ಕಂಪನಿಯ ಜಾಲತಾಣದಲ್ಲಿ ಇರುತ್ತದೆ. ಟ್ರಾಯ್‌ಗೇ ನೇರವಾಗಿ ಬರೆಯೋಣವೆಂದು ಬಹಳ ಜನ ಯೋಚಿಸುತ್ತಾರೆ. ಟ್ರಾಯ್ ಒಬ್ಬೊಬ್ಬ ಗ್ರಾಹಕರ ದೂರನ್ನು ವಿಚಾರಣೆ ಮಾಡುವುದಿಲ್ಲ, ಬಂದ ಪತ್ರವನ್ನು ಕಂಪನಿಗೆ ರವಾನಿಸುತ್ತದೆ. ನನ್ನ ಮೇಲ್ಮನವಿಗೆ 33ನೆಯ ದಿನ ಉತ್ತರ ಬಂತು. ಅಳವಡಿಕೆಯ ಹೆಸರಿನಲ್ಲಿ 1,000 ರೂಪಾಯಿ ಹಿಡಿದುಕೊಂಡು ಏಳು ತಿಂಗಳ ಹಣವನ್ನೂ ಠೇವಣಿಯನ್ನೂ ಕೊಡಲು ಒಪ್ಪಿದರು. ಆ ಸಾವಿರವೂ ನ್ಯಾಯವಲ್ಲವೆಂದು ಇಂದಿಗೂ ನನ್ನ ಅಭಿಪ್ರಾಯ, ಆದರೂ ಅಲ್ಲಿಗೆ ನಿಲ್ಲಿಸಿದೆ.

ನಿಮಗೆ ಅಲ್ಲೂ ನ್ಯಾಯ ಸಿಗದಿದ್ದರೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಡಿ, ಅನಂತರ ದಾವಣಗೆರೆಯಲ್ಲೇ ಇರುವ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಿ. ಟೆಲಿಫೋನ್ ವ್ಯಾಜ್ಯಗಳು ಗ್ರಾಹಕ ನ್ಯಾಯಾಲಯಕ್ಕೆ ಬರುವುದಿಲ್ಲವೆಂದು ಕೆಲವರು ನಿಮಗೆ ಹೇಳಬಹುದು. 2009ರ ಸುಪ್ರೀಂ ಕೋರ್ಟ್ ತೀರ್ಪೊಂದು ಇಂಥ ವ್ಯಾಜ್ಯಗಳನ್ನು ಮಧ್ಯಸ್ಥಿಕೆಗೆ ಒಪ್ಪಿಸುವ 1885ರ ಟೆಲಿಗ್ರಾಫ್ ಕಾಯ್ದೆಯ 7ಬಿ ಕಲಮನ್ನು ಮುಂದಿಟ್ಟು ಹಾಗೆ ಹೇಳಿತ್ತು ನಿಜ. ಆದರೆ 2022ರ ಫೆಬ್ರುವರಿಯಲ್ಲಿ ಅದೇ ನ್ಯಾಯಾಲಯ, ಆ ಕಲಮು ಗ್ರಾಹಕ ಆಯೋಗದ ಬಾಗಿಲನ್ನು ಮುಚ್ಚುವುದಿಲ್ಲವೆಂದು ಸ್ಪಷ್ಟಪಡಿಸಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಹೂಡಬಹುದು, ಕಂಪನಿಯ ಮುಖ್ಯ ಕಚೇರಿ ಎಲ್ಲಿದ್ದರೂ ಸರಿ. ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಎರಡು ವರ್ಷದ ಕಾಲಮಿತಿಯಿದೆ. ದೂರನ್ನು ಸೇವಾ ನ್ಯೂನತೆಯ ಆಧಾರದ ಮೇಲೆಯೇ ನಿಲ್ಲಿಸಿ. ಷರತ್ತೇ ಅನ್ಯಾಯದ್ದು, ಅದನ್ನು ರದ್ದುಮಾಡಿ ಎಂದು ಕೇಳಹೊರಟರೆ ಅದು ರಾಜ್ಯ ಆಯೋಗದ ವ್ಯಾಪ್ತಿಗೆ ಸೇರುತ್ತದೆ, ನೀವು ಬೆಂಗಳೂರಿಗೆ ಓಡಾಡಬೇಕಾಗುತ್ತದೆ.

ಬಿಡುವ ಮುಂಚೆ ಯೋಚಿಸಬೇಕಾದ ನಿಜವಾದ ನಷ್ಟ ದೂರವಾಣಿ ಸಂಖ್ಯೆಯದು. ಮೊಬೈಲ್ ಸಂಖ್ಯೆಯನ್ನು ಬೇರೆ ಕಂಪನಿಗೆ ಒಯ್ಯಬಹುದು, ಮನೆಯ ಸ್ಥಿರ ದೂರವಾಣಿ ಸಂಖ್ಯೆಯನ್ನು ಹಾಗೆ ಒಯ್ಯಲಾಗದು. ತಂದೆಯವರ ವಯಸ್ಸಿನ ನೆಂಟರು, ಸ್ನೇಹಿತರು ಕರೆ ಮಾಡುವುದು ಕಂಠಪಾಠವಿರುವ ಸಂಖ್ಯೆಗೆ. ನಾವು ಹಳೆಯ ಸಂಖ್ಯೆಯನ್ನು ಫೈಬರ್ ಹಾಕಿಸಿದಾಗಲೇ ಕಳೆದುಕೊಂಡಿದ್ದೆವು, ಐದು ತಿಂಗಳಲ್ಲಿ ಹೊಸದನ್ನೂ ಕಳೆದುಕೊಂಡೆವು. ತಂದೆಯವರು ತಮ್ಮ ಸಣ್ಣ ಡೈರಿ ಹಿಡಿದು ಕುಳಿತು ಒಬ್ಬೊಬ್ಬರಿಗೂ ಫೋನ್ ಮಾಡಿ ಮೂರನೆಯ ಸಂಖ್ಯೆ ಬರೆಸಿದರು, ಅದಕ್ಕೆ ಎರಡು ದಿನ ಹಿಡಿಯಿತು. ಆದ್ದರಿಂದ ಹೊಸ ಸಂಪರ್ಕ ಬಂದು ಒಂದು ವಾರ ಸರಿಯಾಗಿ ನಡೆದ ಮೇಲೆಯೇ ಹಳೆಯದನ್ನು ನಿಲ್ಲಿಸಿ, ಮತ್ತು ಆ ವಾರದಲ್ಲಿ ಎಲ್ಲರಿಗೂ ಸಂಖ್ಯೆ ತಿಳಿಸಿಬಿಡಿ. ಹೊಸದನ್ನು ಮೊದಲ ಮೂರು ತಿಂಗಳಾದರೂ ತಿಂಗಳ ಪ್ಲಾನಿನಲ್ಲೇ ಇಟ್ಟುಕೊಳ್ಳಿ. ವರ್ಷದ ಪ್ಲಾನಿನಲ್ಲಿ ಉಳಿಯುವ ಹಣಕ್ಕಿಂತ ನಿಮ್ಮ ನೆಮ್ಮದಿ ದೊಡ್ಡದು.

ಪೆಟ್ಟಿಗೆಯನ್ನು ಹಿಂದಿರುಗಿಸುವಾಗ ಅದರ ಹಿಂಬದಿಯ ಸೀರಿಯಲ್ ಸಂಖ್ಯೆಯ ಫೋಟೋ ತೆಗೆದುಕೊಳ್ಳಿ, ಅಡಾಪ್ಟರನ್ನೂ ಜೊತೆಗೆ ಕೊಡಿ. ಸ್ವೀಕೃತಿ ಪತ್ರದಲ್ಲಿ ಆ ಸಂಖ್ಯೆ ಮತ್ತು "ಸುಸ್ಥಿತಿಯಲ್ಲಿದೆ" ಎಂಬ ಮಾತು ಎರಡೂ ಇರುವಂತೆ ನೋಡಿಕೊಳ್ಳಿ. ಪತ್ರ ಕೈಗೆ ಬರುವವರೆಗೆ ಪೆಟ್ಟಿಗೆಯನ್ನು ಯಾರ ಕೈಗೂ ಕೊಡಬೇಡಿ.