ಅಜ್ಟೆಕರ ಸಂಗೀತ ಅಂದರೆ ‘ಸಾವಿನ ಸೀಟಿ’ ಅಷ್ಟೇನಾ?

ಪ್ರಶ್ನೆ: ತಲೆಬುರುಡೆ ಆಕಾರದ ಅಜ್ಟೆಕ್ ಸೀಟಿಯೊಂದರ ವಿಡಿಯೋ ನೋಡಿದೆ. ಊದಿದರೆ ಯಾರೋ ಕಿರುಚಿದ ಹಾಗೆ ಕೇಳುತ್ತದೆ. ಶತ್ರುಗಳನ್ನು ಹೆದರಿಸಲು ಯುದ್ಧದಲ್ಲಿ ನೂರಾರು ಜನ ಇದನ್ನು ಊದುತ್ತಿದ್ದರಂತೆ. ನಿಜವೇ? ಅವರಿಗೆ ಬೇರೆ ವಾದ್ಯ ಇರಲಿಲ್ವಾ?

ಉತ್ತರ: ಸ್ಪೇನಿನವರು ಬರುವ ಮೊದಲು ಈಗಿನ ಮೆಕ್ಸಿಕೋದ ನಡುಭಾಗವನ್ನು ಆಳಿದವರು ಅಜ್ಟೆಕರು. ಅವರ ‘ಸಾವಿನ ಸೀಟಿ’ ನಿಜ, ಯುದ್ಧದ ಕತೆ ಆಮೇಲೆ ಬೆಳೆದದ್ದು. ಇಂಥ ಸೀಟಿಗಳು ಮೆಕ್ಸಿಕೋ ನಗರದ ತ್ಲಾತೆಲೋಲ್ಕೋದಲ್ಲಿ, ಗಾಳಿದೇವರು ಎಹೆಕಾತ್ಲ್‌ನ ಗುಡಿಯ ಹತ್ತಿರ ಸಿಕ್ಕಿವೆ. ಬಲಿಯಾದ ಯುವಕನೊಬ್ಬನ ಅಸ್ಥಿಪಂಜರ ಅವನ್ನು ಕೈಯಲ್ಲಿ ಹಿಡಿದುಕೊಂಡೇ ಇತ್ತು. ಪುಟ್ಟ ಮಣ್ಣಿನ ಸೀಟಿಗಳವು. ಸಿಕ್ಕ ಜಾಗ ನೋಡಿದರೆ ಪೂಜೆಗೆ ಸಂಬಂಧಿಸಿದವು ಅನಿಸುತ್ತದೆ. ರಣರಂಗದಲ್ಲಿ ಊದಿದ್ದಕ್ಕೆ ಪುರಾವೆ ಇಲ್ಲ. ಯುದ್ಧದಲ್ಲಿ ಮೊಳಗುತ್ತಿದ್ದದ್ದು ಶಂಖ ಮತ್ತು ಡೋಲು.

ಅವರ ಸಂಗೀತದ ಜೀವ ಇದ್ದದ್ದು ಎರಡು ವಾದ್ಯಗಳಲ್ಲಿ. ಒಂದು ವೇವೇತ್ಲ್. ಮರದ ಬೊಡ್ಡೆಯನ್ನು ಟೊಳ್ಳು ಮಾಡಿ, ಮೇಲೆ ತೊಗಲು ಬಿಗಿದು, ಬುಡದಲ್ಲಿ ಮೂರು ಕಾಲು ಕೊರೆದು ನೆಟ್ಟಗೆ ನಿಲ್ಲಿಸುತ್ತಿದ್ದರು. ಬಾರಿಸುವುದು ಬರಿಗೈಯಲ್ಲಿ. ನಡುವೆ ಹೊಡೆದರೆ ಒಂದು ನಾದ, ಅಂಚಿಗೆ ಹೊಡೆದರೆ ಬೇರೆ ನಾದ. ಇನ್ನೊಂದು ತೆಪೊನಾಸ್ತ್ಲಿ. ಇದಕ್ಕೆ ತೊಗಲೇ ಇಲ್ಲ. ಅಡ್ಡ ಮಲಗಿಸಿದ ಟೊಳ್ಳು ಬೊಡ್ಡೆಯ ಬೆನ್ನಿನಲ್ಲಿ ಸೀಳು ಕೊರೆದು, ಎದುರುಬದುರಾಗಿ ಎರಡು ನಾಲಗೆ ಬಿಡುತ್ತಿದ್ದರು. ತುದಿಗೆ ರಬ್ಬರ್ ಸುತ್ತಿದ ಕೋಲಿನಿಂದ ಹೊಡೆದರೆ ಎರಡು ನಾಲಗೆಯಿಂದ ಎರಡು ಸ್ವರ.

ಇವನ್ನು ಅವರು ಸುಮ್ನೆ ವಸ್ತು ಅಂತ ನೋಡಲಿಲ್ಲ. ಒಂದು ಕತೆ ಹೀಗಿದೆ. ಭೂಮಿಯಲ್ಲಿ ಹಾಡು ಇರಲಿಲ್ಲ. ಹಾಡುಗಾರರನ್ನು ಕರೆತರಲು ತೆಸ್ಕಾತ್ಲಿಪೋಕ ದೇವರು ತನ್ನ ಭಕ್ತನನ್ನು ಸೂರ್ಯನ ಮನೆಗೆ ಕಳಿಸಿದ. ಸೂರ್ಯ ತನ್ನವರಿಗೆ ಎಚ್ಚರಿಸಿದ: ‘ಅವನಿಗೆ ಓಗೊಡಬೇಡಿ, ಓಗೊಟ್ಟರೆ ಅವನ ಜೊತೆ ಹೋಗಲೇಬೇಕಾಗುತ್ತದೆ.’ ಆದರೆ ಬಂದವನ ಹಾಡು ಅಷ್ಟು ಸೊಗಸಾಗಿತ್ತು. ಕೆಲವರು ತಡೆಯಲಾರದೆ ಓಗೊಟ್ಟರು, ಈ ಎರಡು ವಾದ್ಯಗಳ ಸಮೇತ ಭೂಮಿಗೆ ಬಂದರು. ಇಷ್ಟು ಚೆಂದದ ಕತೆ ಇರುವಾಗ ಬರೀ ಕಿರುಚುವ ಸೀಟಿ ಹೆಸರಾಗಿದ್ದು ನನಗೆ ಬೇಸರದ ವಿಷಯ.

ಉಳಿದವು ಜೊತೆ ವಾದ್ಯಗಳು. ಜೇಡಿಮಣ್ಣಿನ ಕೊಳಲು, ಸೋರೆಬುರುಡೆಯ ಗಿಲಕಿ, ಜಿಂಕೆ ಕೊಂಬಿನಿಂದ ಬಡಿಯುವ ಆಮೆಚಿಪ್ಪು, ಕಾಲಿಗೆ ಗೆಜ್ಜೆ. ಗೀರು ಕೊರೆದ ಮೂಳೆಯನ್ನು ಉಜ್ಜಿ ಸದ್ದು ಮಾಡುವುದೂ ಇತ್ತು, ಕೆಲವೊಮ್ಮೆ ಅದು ಮನುಷ್ಯನ ತೊಡೆಮೂಳೆ.

ಕಲಿಕೆ ಎಲ್ಲರಿಗೂ ಕಡ್ಡಾಯ. ರಾಜಧಾನಿ ತೆನೋಚ್ತಿತ್ಲಾನ್‌ನಲ್ಲಿ ಕ್ವಿಕಕಲ್ಲಿ, ಅಂದರೆ ‘ಹಾಡಿನ ಮನೆ’ ಇತ್ತು. ಹನ್ನೆರಡು ದಾಟಿದ ಹುಡುಗ ಹುಡುಗಿಯರು ಸಂಜೆ ಅಲ್ಲಿಗೆ ಹೋಗಿ ಹಾಡು, ಕುಣಿತ ಕಲಿಯಬೇಕಿತ್ತು. ಅರಮನೆಯ ಕಲಾವಿದರ ಪಾಡು ಇನ್ನೂ ಕಠಿಣ. ಸ್ಪೇನಿನ ಪಾದ್ರಿ ಸಹಾಗುನ್ ಸ್ಥಳೀಯರಿಂದ ಕೇಳಿ ಬರೆಸಿದ ಪ್ರಕಾರ, ಹಾಡು ಅಥವಾ ತಾಳ ತಪ್ಪಿದವನನ್ನು ಅರಸ ಸೆರೆಗೆ ಹಾಕಿಸಿ ಕೊಲ್ಲಿಸುತ್ತಿದ್ದ.

ತೋಷ್ಕಾತ್ಲ್ ಹಬ್ಬದ ವಿವರವೂ ಸಹಾಗುನ್ ಬರಹದಲ್ಲಿದೆ. ತೆಸ್ಕಾತ್ಲಿಪೋಕನ ರೂಪವಾಗಿ ಆರಿಸಿದ ಯುವಕ ವರ್ಷಪೂರ್ತಿ ಕೊಳಲು ನುಡಿಸುತ್ತ ಓಡಾಡುತ್ತಿದ್ದ. ಕೊನೆಯ ದಿನ ಗುಡಿಯ ಮೆಟ್ಟಿಲು ಹತ್ತುವಾಗ ತನ್ನ ಕೊಳಲುಗಳನ್ನು ಒಂದೊಂದಾಗಿ ಮುರಿಯುತ್ತಿದ್ದ. ಮೇಲೆ ಅವನ ಬಲಿ.

1520ರ ಮೇ ತಿಂಗಳಲ್ಲಿ ಇದೇ ಹಬ್ಬದ ಕುಣಿತ ನಡೆದಿದ್ದಾಗ ಅಜ್ಟೆಕರ ನಾಡನ್ನು ಗೆಲ್ಲಲು ಬಂದಿದ್ದ ಪೆದ್ರೋ ದೆ ಅಲ್ವರಾದೋನ ಸ್ಪ್ಯಾನಿಷ್ ಪಡೆ ಗುಡಿಯಂಗಳಕ್ಕೆ ನುಗ್ಗಿತು. ಸೈನಿಕರು ಡೋಲು ಬಾರಿಸುತ್ತಿದ್ದವನ ಎರಡೂ ಕೈ ಕಡಿದರು, ಆಮೇಲೆ ತಲೆ. ಓದುವಾಗ ನನಗೆ ಪ್ರತಿ ಸಲವೂ ಇಲ್ಲಿ ಎದೆ ಕಟ್ಟುತ್ತದೆ.

ಇನ್ನು, ‘ಮೆಕ್ಸಿಕನ್ ಹಾಡುಗಳು’ ಎಂಬ 16ನೇ ಶತಮಾನದ ಹಸ್ತಪ್ರತಿಯಲ್ಲಿ ಕೆಲವು ಹಾಡುಗಳ ಪಕ್ಕ ಡೋಲಿನ ಪೆಟ್ಟುಗಳನ್ನು ‘ತಿ’, ‘ತೊ’, ‘ಕೊ’, ‘ಕಿ’ ಎಂಬ ಅಕ್ಷರಗಳಲ್ಲಿ ಬರೆದಿದ್ದಾರೆ. ಮೃದಂಗದ ಸೊಲ್ಲು ಗೊತ್ತಿರುವವರಿಗೆ ಇದರ ಉಪಾಯ ತಕ್ಷಣ ಹೊಳೆಯುತ್ತದೆ, ಅಲ್ವಾ?

ಮಲಿನಾಲ್ಕೋ ಎಂಬ ಊರಿನ ಹಳೆಯ ವೇವೇತ್ಲ್ ಮೆಕ್ಸಿಕೋದ ತೊಲುಕಾ ನಗರದ ಮ್ಯೂಸಿಯಂನಲ್ಲಿದೆ. ಅದರ ಮೈತುಂಬ ಹದ್ದು, ಜಾಗ್ವಾರ್‌ಗಳು ಕುಣಿಯುವ ಕೆತ್ತನೆ. ಮುಂದಿನ ಸಲ ವಿಡಿಯೋ ಹುಡುಕುವಾಗ ಸೀಟಿ ಬಿಟ್ಟು ವೇವೇತ್ಲ್, ತೆಪೊನಾಸ್ತ್ಲಿ ಅಂತ ಹುಡುಕಿ. ಮೆಕ್ಸಿಕೋ ನಗರದ ಸೋಕಲೋ ಚೌಕದಲ್ಲಿ ಇವತ್ತಿಗೂ ವೇವೇತ್ಲ್ ಪೆಟ್ಟಿಗೆ ಕಾಲಿನ ಗೆಜ್ಜೆ ಸೇರಿಸಿ ಕುಣಿಯುವವರು ಕಾಣಿಸುತ್ತಾರೆ.