ಜಂಪಿಗೂ ದುರ್ಗದ ಏರಿಗೂ ಒಂದೇ ಹಾರ್ಡ್‌ಟೇಲ್

ಪ್ರಶ್ನೆ: ವಾರಕ್ಕೊಮ್ಮೆ ಕ್ಯಾತ್ಸಂದ್ರದಿಂದ ದೇವರಾಯನದುರ್ಗದ ಕಡೆಗೆ 35–40 ಕಿ.ಮೀ. ಸವಾರಿ ಹೋಗುತ್ತೇನೆ. ಸಂಜೆ ಹೊತ್ತು ಲೇಔಟ್ ಪಕ್ಕದ ಮಣ್ಣುಗುಡ್ಡೆಯಲ್ಲಿ ಜಂಪ್. ಎರಡು ಸೈಕಲ್ ಕೊಳ್ಳುವಷ್ಟು ದುಡ್ಡಿಲ್ಲ, ಎರಡಕ್ಕೂ ಒಂದೇ ಹಾರ್ಡ್‌ಟೇಲ್ (ಮುಂದೆ ಮಾತ್ರ ಸ್ಪ್ರಿಂಗಿರುವ ಸೈಕಲ್) ಬೇಕು. ಎತ್ತರ 5 ಅಡಿ 8 ಇಂಚು, ತೂಕ 72 ಕೆ.ಜಿ. ಜಂಪ್ ಮಾಡೋದಾದ್ರೆ ಒಂದು ಸೈಜ್ ಚಿಕ್ಕ ಫ್ರೇಮ್ ತಗೊಳ್ಳಿ ಅಂತ ಅಂಗಡಿಯಲ್ಲಿ ಹೇಳಿದರು. ಸರಿಯೇ?
– ಓದುಗರು, ತುಮಕೂರು

ಉತ್ತರ: ಚಿಕ್ಕ ಫ್ರೇಮ್ ಬೇಡ. ಸೀಟು ಇಳಿಸಬೇಕೆಂದರೆ ಸೈಕಲ್ಲಿಂದ ಇಳಿದು ಅಲೆನ್ ಕೀ ಹುಡುಕಬೇಕಿದ್ದ ಕಾಲದ ಸಲಹೆ ಅದು. ಫ್ರೇಮ್ ಚಿಕ್ಕದಾದರೆ ದುರ್ಗದ ಏರಿಗೆ ಸೀಟ್‌ಪೋಸ್ಟನ್ನು ಅದರ ಮೇಲಿನ ಮಿತಿಯ ಗೆರೆ ಮೀರಿ ಮೇಲೆಳೆಯುತ್ತೀರಿ. ಆಗ ಅದು ಸನಿಕೆಯ ಹಾಗೆ ಸೀಟ್‌ಟ್ಯೂಬಿನ ಬಾಯನ್ನು ಮೀಟುತ್ತದೆ, ಬೆಸುಗೆಯ ಹತ್ತಿರ ಬಿರುಕು ಬಿಡುತ್ತದೆ. ನಿಮ್ಮ ಎತ್ತರಕ್ಕೆ ಮೀಡಿಯಂ ಸಾಕು, ರೀಚ್ (ಪೆಡಲ್ ಅಚ್ಚಿನಿಂದ ಹ್ಯಾಂಡಲ್ ಕೂರುವ ಟ್ಯೂಬಿನವರೆಗಿನ ಅಡ್ಡ ಅಳತೆ) 430ರಿಂದ 450 ಮಿ.ಮೀ. ಇರಲಿ. ಅದಕ್ಕೆ 150 ಮಿ.ಮೀ. ಡ್ರಾಪರ್ ಪೋಸ್ಟ್ (ಕೂತಲ್ಲೇ ಗುಂಡಿ ಒತ್ತಿ ಏರಿಳಿಸುವ ಸೀಟ್‌ಪೋಸ್ಟ್) ಹಾಕಿಸಿದರೆ ಏರಿಗೆ ಸೀಟು ಮೇಲೆ, ಜಂಪಿಗೆ ಕೆಳಗೆ. ಸೀಟ್‌ಟ್ಯೂಬಿನ ಒಳವ್ಯಾಸ 30.9 ಅಥವಾ 31.6 ಮಿ.ಮೀ. ಇದೆಯಾ ಅಂತ ಕೊಳ್ಳುವ ಮುಂಚೆಯೇ ಕೇಳಿ. 27.2 ಆದರೆ ಡ್ರಾಪರ್ ಸಿಗುವುದೇ ಅಪರೂಪ.

ಜಂಪಿಗೆಂದೇ ಮಾಡಿದ ಸೈಕಲ್ಲಿಗೆ 26 ಇಂಚಿನ ಚಕ್ರ, 100 ಮಿ.ಮೀ. ಅದುಮುವ ಬಿಗಿ ಫೋರ್ಕ್, ಒಂದೇ ಗೇರು. ಎಷ್ಟೋ ಸಲ ಬ್ರೇಕ್ ಹಿಂದೆ ಮಾತ್ರ. ಅದರ ಮೇಲೆ ಕೂತು ದುರ್ಗದ ದಾರಿಯ ನಾಮದ ಚಿಲುಮೆ ಮುಟ್ಟುವಷ್ಟರಲ್ಲಿ ಮೊಣಕಾಲು ಮಾತಾಡಲು ಶುರು ಮಾಡುತ್ತವೆ. ಕ್ರಾಸ್‌ಕಂಟ್ರಿ ರೇಸ್ ಹಾರ್ಡ್‌ಟೇಲ್ ಇದಕ್ಕೆ ತದ್ವಿರುದ್ಧ: ಹಗುರ, 29 ಇಂಚು, 32 ಮಿ.ಮೀ. ಕಾಲಿನ ತೆಳು ಫೋರ್ಕ್, 68–69 ಡಿಗ್ರಿಯ ಕಡಿದಾದ ಹೆಡ್ ಆಂಗಲ್ (ಹ್ಯಾಂಡಲ್ ಕೂರುವ ಟ್ಯೂಬಿನ ಓರೆ). ಗುಡ್ಡ ಹತ್ತಲು ಚೆನ್ನ, ಆದರೆ ಹಾರಿ ಇಳಿಯುವಾಗ ಮುಂದಿನ ಚಕ್ರ ಮುಗ್ಗರಿಸುತ್ತದೆ. ನಿಮಗೆ ಬೇಕಿರುವುದು ಟ್ರೈಲ್ ಹಾರ್ಡ್‌ಟೇಲ್ ಎನ್ನುವ ಜಾತಿ. ಹೆಡ್ ಆಂಗಲ್ 65–66.5 ಡಿಗ್ರಿ, ಚೈನ್‌ಸ್ಟೇ (ಪೆಡಲ್ ಅಚ್ಚಿನಿಂದ ಹಿಂಚಕ್ರದ ಅಚ್ಚಿನವರೆಗಿನ ಕೊಳವೆ) 435 ಮಿ.ಮೀ. ಮೀರಬಾರದು. 34 ಅಥವಾ 35 ಮಿ.ಮೀ. ಕಾಲಿನ 120–130 ಮಿ.ಮೀ. ಏರ್ ಫೋರ್ಕ್. 140ಕ್ಕೆ ಆಸೆಪಡಬೇಡಿ. ಹಾರ್ಡ್‌ಟೇಲಿನಲ್ಲಿ ಫೋರ್ಕ್ ಪೂರ್ತಿ ಅದುಮಿದಾಗ ಮುಂಭಾಗ ಮಾತ್ರ ತಗ್ಗುತ್ತದೆ, ಸೈಕಲ್ಲಿನ ಕೋನಗಳೆಲ್ಲ ಒಮ್ಮೆಲೇ ಕಡಿದಾಗುತ್ತವೆ.

ಫೋರ್ಕಿನ ಬಗ್ಗೆ ಎಲ್ಲರೂ ವಿಚಾರಿಸುತ್ತಾರೆ, ಹಿಂದಿನ ಚಕ್ರವನ್ನು ಕೇಳುವವರೇ ಇಲ್ಲ. ಹಾರ್ಡ್‌ಟೇಲ್ ಅಂದಮೇಲೆ ಹಿಂದೆ ಸ್ಪ್ರಿಂಗಿಲ್ಲ. ಹಿಂಚಕ್ರ ಮೊದಲು ನೆಲ ಮುಟ್ಟಿದರೆ ಆ ಪೆಟ್ಟನ್ನು ಟೈರು, ರಿಮ್ಮು, ಕಡ್ಡಿ, ಕೊನೆಗೆ ನಿಮ್ಮ ಹಿಮ್ಮಡಿ ಹಂಚಿಕೊಳ್ಳಬೇಕು. ಆದ್ದರಿಂದ ದುಡ್ಡು ಉಳಿಸುವುದಿದ್ದರೆ ಗೇರಿನಲ್ಲಿ ಉಳಿಸಿ, ಹಿಂಚಕ್ರದಲ್ಲಿ ಬೇಡ. 32 ಕಡ್ಡಿ, ಒಳ ಅಗಲ 28–30 ಮಿ.ಮೀ. ಇರುವ ಎರಡು ಗೋಡೆಯ ರಿಮ್, 12 × 148 ಮಿ.ಮೀ. ಥ್ರೂ ಆಕ್ಸಲ್ (ಚಕ್ರದ ನಡುವೆ ತೂರಿಸಿ ಫ್ರೇಮಿಗೆ ಬಿಗಿಯುವ ಅಚ್ಚು) ಕೇಳಿ. ಹೊಸ ಚಕ್ರದ ಕಡ್ಡಿಗಳನ್ನು ಮೊದಲ 100 ಕಿ.ಮೀ. ಒಳಗೆ ಒಮ್ಮೆ ಬಿಗಿ ಮಾಡಿಸಿ. ಸಡಿಲಾದ ಒಂದು ಕಡ್ಡಿಯ ಭಾರ ಅಕ್ಕಪಕ್ಕದವುಗಳ ಮೇಲೆ ಬೀಳುತ್ತದೆ, ಅವೂ ಬೇಗ ಮುರಿಯುತ್ತವೆ.

ಫ್ರೇಮಿನ ಮೇಲೆ ಅಥವಾ ಕೈಪಿಡಿಯಲ್ಲಿ ಬಳಕೆಯ ವರ್ಗ ಅಂತ ಒಂದು ಅಂಕಿ ಇರುತ್ತದೆ. ಎಎಸ್‌ಟಿಎಂ (ಗುಣಮಟ್ಟ ನಿಗದಿಪಡಿಸುವ ಅಮೆರಿಕದ ಸಂಸ್ಥೆ) ವರ್ಗೀಕರಣದಲ್ಲಿ 3 ಎಂದರೆ 60 ಸೆಂ.ಮೀ.ವರೆಗಿನ ಜಿಗಿತ, 4 ಎಂದರೆ 120 ಸೆಂ.ಮೀ. ನಿಮಗೆ ಬೇಕಾದ್ದು 4. ಬಣ್ಣ, ಗೇರಿನ ಸಂಖ್ಯೆ ನೋಡುವ ಮೊದಲು ಇದನ್ನು ನೋಡಿ.

ಗೇರು ಮುಂದೆ 32 ಹಲ್ಲು, ಹಿಂದೆ 10–51 ಹಲ್ಲು ಆದರೆ ದುರ್ಗಕ್ಕೆ ಸಾಕು. ಅತಿ ಹಗುರ ಗೇರಿನಲ್ಲಿ ಪೆಡಲ್ ಒಂದು ಸುತ್ತಿಗೆ ಸೈಕಲ್ ಹೆಚ್ಚುಕಡಿಮೆ 1.45 ಮೀಟರ್ ಸಾಗುತ್ತದೆ. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ 5 ಕಿ.ಮೀ. ಚಿಲ್ಲರೆ. ಡಿರೇಲರಿನಲ್ಲಿ (ಗೇರು ಬದಲಿಸುವ ತೋಳು) ಚೈನು ಬಿಗಿ ಹಿಡಿಯುವ ಕ್ಲಚ್ ಇರಲೇಬೇಕು, ಇಲ್ಲದಿದ್ದರೆ ಪ್ರತಿ ಜಂಪಿಗೂ ಚೈನು ಚೈನ್‌ಸ್ಟೇಗೆ ಬಡಿದು ಕೆಳಗೆ ಬೀಳುತ್ತದೆ.

120 ಮಿ.ಮೀ. ಫೋರ್ಕಿನಲ್ಲಿ ಸವಾರಿಯ ಭಂಗಿಯಲ್ಲಿ ನಿಂತಾಗ ಫೋರ್ಕ್ ಕಾಲಿನ ರಬ್ಬರ್ ಉಂಗುರ 24 ಮಿ.ಮೀ. ಜಾರಿದರೆ ಗಾಳಿ ಸರಿಯಾಗಿದೆ. ಈ ತಗ್ಗುವಿಕೆ (ಸ್ಯಾಗ್) ಸರಿಯಿದ್ದೂ ಇಳಿಯುವಾಗ ತಳ ಬಡಿದರೆ ಒಂದು ಟೋಕನ್ (ಫೋರ್ಕಿನೊಳಗೆ ಗಾಳಿಯ ಜಾಗ ಕುಗ್ಗಿಸುವ ಬಿಲ್ಲೆ) ಸೇರಿಸಿ, ಸುಮ್ಮನೆ ಗಾಳಿ ತುಂಬುತ್ತ ಹೋಗಬೇಡಿ. 2.35 ಇಂಚಿನ ಟ್ಯೂಬ್‌ಲೆಸ್ ಟೈರಿಗೆ ನಿಮ್ಮ ತೂಕಕ್ಕೆ ಮಣ್ಣುದಾರಿಯಲ್ಲಿ ಮುಂದೆ 21, ಹಿಂದೆ 24 ಪಿ.ಎಸ್.ಐ.ಯಿಂದ ಶುರು ಮಾಡಿ. ಜಂಪಿನ ಮಣ್ಣುಗುಡ್ಡೆಗೆ ಹೋಗುವ ದಿನ ಎರಡಕ್ಕೂ 30.

ಇನ್ನೊಂದು ಮಾತು. ಜಂಪಿನ ಆಚೆ ಇಳಿಜಾರು ಇದೆಯೋ, ಸಪಾಟು ನೆಲವೋ? ಸಪಾಟಾದರೆ ಯಾವ ಸೈಕಲ್ಲೂ ಹೆಚ್ಚು ದಿನ ಬಾಳದು. ಎರಡು ಸಂಜೆ ಗುದ್ದಲಿ ಹಿಡಿದು ಲ್ಯಾಂಡಿಂಗಿಗೆ ಇಳಿಜಾರು ಕಟ್ಟಿ, ನೀರು ಚಿಮುಕಿಸಿ ತುಳಿದು ಗಟ್ಟಿ ಮಾಡಿ. ಹೊಸ ರಿಮ್ಮಿಗಿಂತ ಅಗ್ಗ. ದುರ್ಗದ ಸುತ್ತಿನದು ಮೀಸಲು ಕಾಡು. ಡಾಂಬರು ರಸ್ತೆ ಬಿಟ್ಟು ಒಳಗಿನ ಕಾಲುದಾರಿಗೆ ಇಳಿಯುವುದಿದ್ದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ಚಿರತೆ, ಕರಡಿ ಇರುವ ಜಾಗ, ಕತ್ತಲಾದ ಮೇಲಂತೂ ಬೇಡವೇ ಬೇಡ.

ಪ್ರಶ್ನೆ: ನನ್ನದು 7 ಗೇರಿನ ಹಾರ್ಡ್‌ಟೇಲ್. ಸಣ್ಣ ಜಂಪಿಗೇ ಹಿಂದಿನ ಆಕ್ಸಲ್ ಎರಡು ಸಲ ಬಾಗಿತು. ಆಕ್ಸಲ್ ಬದಲಿಸಿದರೂ ಅದೇ ಕಥೆ.
– ಓದುಗರು, ಚಿಕ್ಕಬಳ್ಳಾಪುರ

ಉತ್ತರ: ತಪ್ಪು ಆಕ್ಸಲಿನದಲ್ಲ, ಚಕ್ರದ ನಡುವಿನ ಹಬ್ಬಿನದು (hub). ಚಕ್ರ ಬಿಚ್ಚಿ ಗೇರಿನ ಹಲ್ಲುಗಳನ್ನು ಹಿಂದಕ್ಕೆ ತಿರುಗಿಸಿ, ನಡುವೆ ಟೂಲ್ ಕೂರುವ ಕಚ್ಚುಗಳನ್ನು ಗಮನಿಸಿ. ಹಲ್ಲಿನ ಜೊತೆ ಅವೂ ತಿರುಗಿದರೆ ಹಬ್ಬಿನ ಮೇಲೆ ಜಾರಿಸಿ ಕೂರಿಸಿದ ಕ್ಯಾಸೆಟ್, ನಿಂತಲ್ಲೇ ನಿಂತರೆ ತಿರುಪಿನಂತೆ ತಿರುಗಿಸಿ ಕೂರಿಸಿದ ಫ್ರೀವೀಲ್. ನಿಮ್ಮದು ಫ್ರೀವೀಲೇ ಇರಬೇಕು. ಅದರಲ್ಲಿ ಬಲಗಡೆಯ ಬೇರಿಂಗ್ ಗೇರುಗಳ ಒಳಮಗ್ಗುಲಲ್ಲಿ ಕೂರುತ್ತದೆ. ಅಲ್ಲಿಂದ ಫ್ರೇಮಿನವರೆಗೆ ಆಕ್ಸಲಿಗೆ ಯಾವ ಆಸರೆಯೂ ಇಲ್ಲ, ಇಳಿದಾಗ ಅಲ್ಲೇ ಬಾಗುತ್ತದೆ. ಕ್ಯಾಸೆಟ್ ಹಬ್ಬಿನಲ್ಲಿ ಬೇರಿಂಗ್ ಹೊರತುದಿಗೆ ಸರಿದಿರುತ್ತದೆ.

135 ಮಿ.ಮೀ. ಅಗಲದ, 8/9/10 ಸ್ಪೀಡ್ ಕ್ಯಾಸೆಟ್ ಹಿಡಿಯುವ ಹಬ್ ಇರುವ ಚಕ್ರ ಹಾಕಿಸಿ. ಮೊದಲು ಹಿಂಚಕ್ರ ಕೂರುವ ಕಡೆ ನಿಮ್ಮ ಫ್ರೇಮಿನ ಅಗಲ ಅಳೆದುಕೊಳ್ಳಿ. ಶಿಫ್ಟರ್ ಬದಲಿಸಬೇಕಿಲ್ಲ: ಒಳಗೆ 4.5 ಮಿ.ಮೀ. ಸ್ಪೇಸರ್ ಉಂಗುರ ಹಾಕಿ ಅದರ ಮೇಲೆ 7 ಸ್ಪೀಡ್ ಕ್ಯಾಸೆಟ್ ಕೂರಿಸಿದರೆ ಆಯಿತು. ಸ್ಪೇಸರ್ ಮರೆತರೆ ಕ್ಯಾಸೆಟ್ ಹಿಡಿದಿಡುವ ಲಾಕ್‌ರಿಂಗ್ ಎಷ್ಟು ಬಿಗಿದರೂ ಕ್ಯಾಸೆಟ್ ಲೊಡಲೊಡ ಅಲ್ಲಾಡುತ್ತದೆ. ಲಾಕ್‌ರಿಂಗಿಗೆ 40 ನ್ಯೂಟನ್ ಮೀಟರ್ ಬಿಗಿ.

ಪ್ರಶ್ನೆ: ಜಾಲಿ ಮುಳ್ಳಿನ ಕಾಟಕ್ಕೆ ಟ್ಯೂಬ್‌ಲೆಸ್ ಮಾಡಿಸಿದೆ. ನಾಲ್ಕು ತಿಂಗಳು ಚೆನ್ನಾಗಿತ್ತು, ಈಗ ಮತ್ತೆ ಪಂಕ್ಚರ್.
– ಓದುಗರು, ಕೋಲಾರ

ಉತ್ತರ: ತೂತು ಮುಚ್ಚಲು ಟೈರಿನೊಳಗೆ ಹಾಕಿದ ಸೀಲಂಟ್ ದ್ರವ ಒಣಗಿದೆ, ಅಷ್ಟೇ. ನಮ್ಮ ಬಯಲುಸೀಮೆಯ ಬೇಸಿಗೆಯಲ್ಲಿ ಅದರ ಆಯಸ್ಸು ಎರಡು, ಹೆಚ್ಚೆಂದರೆ ಮೂರು ತಿಂಗಳು. ವಾಲ್ವನ್ನು ಕೆಳಗೆ ತಂದು, ಗಾಳಿ ಬಿಟ್ಟು, ವಾಲ್ವ್ ಕೋರ್ ಬಿಚ್ಚಿ ತೆಳುವಾದ ಕೇಬಲ್ ಟೈ ಒಳಗೆ ಇಳಿಸಿ. ಒದ್ದೆಯಾಗಿ ಬಂದರೆ ಜೀವ ಇದೆ. ಒಣಗಿದ್ದರೆ 29 ಇಂಚಿನ ಟೈರಿಗೆ 100–120 ಮಿ.ಲೀ. ಹೊಸದು ಹಾಕಿ. ಒಳಗೆ ರಬ್ಬರಿನಂತೆ ಗಂಟು ಕಟ್ಟಿದ್ದನ್ನು ಮೊದಲು ಕಿತ್ತು ತೆಗೆಯಿರಿ, ಅದು ವಾಲ್ವಿನ ಬಾಯಿ ಮುಚ್ಚುತ್ತದೆ. ದಾರಿಯಲ್ಲಿ ಮುಳ್ಳು ಕಿತ್ತ ಕೂಡಲೇ ತೂತು ಕೆಳಗೆ ಬರುವಂತೆ ಚಕ್ರ ತಿರುಗಿಸಿ ಅರ್ಧ ನಿಮಿಷ ಬಿಡಿ. ಸೀಲಂಟ್ ಹರಿದು ಬಂದು ಅಲ್ಲೇ ಗಟ್ಟಿಯಾಗಲಿ.